ಸೈಫನ್ನಿನೊಳಗೆ ಲೋಬಾನದ ಹೊಗೆ

ಆ ಸಾಮಾನು ನನ್ನ ಕೈಗೆ ಬಂದ ದಿನ ಅದು ಏನೆಂದೇ ನನಗೆ ತಿಳಿಯಲಿಲ್ಲ. ಲಿಂಗಸುಗೂರಿನ ಸಂತೆಯಲ್ಲಿ ಹಳೇ ಕಬ್ಬಿಣ ಮಾರುವವನ ಮುಂದೆ ಕೂತು ಸೈಕಲ್ ರಿಮ್ಮು ಹುಡುಕುತ್ತಿದ್ದೆ. ರಾಶಿಯ ಅಡಿಯಿಂದ ಒಂದು ರಬ್ಬರಿನ ಮುಖವಾಡ ಬಂತು, ಕಣ್ಣಿನ ಜಾಗದಲ್ಲಿ ಸೀಳು ಬಿಟ್ಟ ಗಾಜು. ಅದರ ಹಿಂದೆಯೇ ಸುಕ್ಕುಸುಕ್ಕಾದ ಎರಡು ರಬ್ಬರ್ ಕೊಳವೆ, ಎರಡರ ನಡುವೆ ಬಾಯಲ್ಲಿ ಕಚ್ಚಿ ಹಿಡಿಯುವ ತುಂಡು, ಇನ್ನೊಂದು ತುದಿಗೆ ತಟ್ಟೆಯಷ್ಟಗಲದ ಹಿತ್ತಾಳೆಯ ಡಬ್ಬಿ. ಇದೇನೆಂದು ಕೇಳಿದರೆ ಅಂಗಡಿಯವನು ದವಾಖಾನೆಯದು ಎಂದ. ಪಕ್ಕದಲ್ಲಿ ನಿಂತವನೊಬ್ಬ ಅಲ್ಲ, ಯುದ್ಧದಲ್ಲಿ ವಿಷದ ಗಾಳಿ ಬಿಟ್ಟಾಗ ಹಾಕಿಕೊಳ್ಳುವುದು ಎಂದ. ಮೂರನೆಯವನೊಬ್ಬ ಬಂದು, ಹಾಲು ಕರೆಯುವ ಮಿಷನ್ನು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಮಾಡಿದ. ಕಡೆಗೆ ಡ್ಯಾಮಿನ ಕಡೆ ಲಾರಿ ಹೊಡೆಯುವವನೊಬ್ಬ ನಿಜ ಹೇಳಿದ. ಅಲ್ಲಿ ನೀರಿನೊಳಗಿನ ಗೇಟು ರಿಪೇರಿಗೆ ಮುಂಬಯಿ ಕಡೆಯವರು ಬಂದಿದ್ದರಂತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಇಂಥದ್ದನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನ ತಳದಲ್ಲೇ ಕೂತು ಕೆಲಸ ಮಾಡುತ್ತಿದ್ದರಂತೆ. ಸಿಲಿಂಡರ್ ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ನಾನು ಕೊಂಡುಕೊಂಡೆ.

ನಮ್ಮದು ಪಾಮನಕಲ್ಲೂರು. ಮಳೆ ಬಂದರೆ ಜೋಳ, ಬರದಿದ್ದರೆ ಆಕಾಶ. ಹರಿಯುವ ನೀರನ್ನು ನಾವು ಕಂಡವರೇ ಅಲ್ಲ. ನನಗೆ ಬರುತ್ತಿದ್ದ ಈಜೆಂದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತದ್ದು. ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ನಾನು ಸೈಕಲ್ ಅಂಗಡಿ ಇಡುವ ಹೊತ್ತಿಗೆ ಡ್ಯಾಮಿನ ಎಡದಂಡೆ ಕಾಲುವೆ ಹಳೆಯದಾಗಿತ್ತು, ಬಾವಿಗಳಲ್ಲೂ ನೀರು ಮೇಲೆ ಬಂದಿತ್ತು, ಬಾವಿಗೊಂದು ಆಯಿಲ್ ಇಂಜಿನ್ ಕೂತಿತ್ತು. ಇಂಜಿನ್ ಬಂದಲ್ಲಿ ಫುಟ್‌ವಾಲ್ ಕೂಡ ಬರಲೇಬೇಕಲ್ಲ. ಪೈಪಿನ ತುದಿಗೆ ಬಾವಿಯ ತಳದಲ್ಲಿ ಕೂತಿರುವ ಆ ಜಾಳಿಗೆಯ ಬಾಯಿಗೆ ಪಾಚಿ ಹತ್ತಿತೆಂದರೆ ಇಂಜಿನ್ ಬಡಿದುಕೊಳ್ಳುತ್ತದೆ, ನೀರು ಮಾತ್ರ ಬರುವುದಿಲ್ಲ. ಪೈಪೆಲ್ಲ ಮೇಲೆಳೆಯಲು ಊರ ಮಂದಿಯೆಲ್ಲ ಸೇರಬೇಕು. ಒಬ್ಬನೇ ಕೆಳಗಿಳಿದು ಕೈಯಿಂದ ಪಾಚಿ ಕಿತ್ತರೆ ಮುಗಿಯಿತು. ಹಾಗೆ ನನ್ನ ತಲೆಯಲ್ಲಿ ಆ ಮುಖವಾಡಕ್ಕೆ ಒಂದು ಕೆಲಸ ಹುಟ್ಟಿತು.

ಸಿಲಿಂಡರ್ ಇದ್ದಿದ್ದರೂ ಅದಕ್ಕೆ ಗಾಳಿ ತುಂಬುವವರು ನಮ್ಮ ಸೀಮೆಯಲ್ಲಿ ಯಾರಿದ್ದರು? ಅದಕ್ಕೇ ಡಬ್ಬಿ ಬಿಚ್ಚಿದೆ. ಒಳಗೆ ಹರಿದ ರಬ್ಬರಿನ ಪರದೆ, ಒಂದು ಸ್ಪ್ರಿಂಗು, ಎರಡು ಸನ್ನೆಕೋಲು. ಯಾವುದು ಯಾಕಿದೆ ಎಂದು ಎಷ್ಟು ನೋಡಿದರೂ ತಲೆಬುಡ ತಿಳಿಯಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲ ಕಿತ್ತು ಬಿಸಾಡಿದೆ. ಖಾಲಿ ಡಬ್ಬಿಗೆ ಹತ್ತಿಗೆ ಔಷಧ ಹೊಡೆಯುವ ಪಂಪಿನ ಉದ್ದನೆಯ ಪೈಪು ಜೋಡಿಸಿದೆ. ಪೈಪಿನ ಇನ್ನೊಂದು ತುದಿ ದಂಡೆಯ ಮೇಲೆ ಒಂದು ಲಾರಿ ಟ್ಯೂಬಿಗೆ, ಆ ಟ್ಯೂಬಿಗೆ ಲಾರಿಗೆ ಗಾಳಿ ಹಾಕುವ, ಎರಡೂ ಕಾಲಿಂದ ತುಳಿಯುವ ಪಂಪು. ಪಂಪು ತುಳಿಯುವವರು ದಣಿದು ದಮ್ಮು ತಿನ್ನಲು ನಿಂತರೂ ಟ್ಯೂಬಿನಲ್ಲಿ ಗಾಳಿ ಉಳಿದಿರಲಿ ಎಂಬ ಲೆಕ್ಕ. ಬಿಟ್ಟ ಉಸಿರು ಹೊರಹೋಗಲು ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮುಚ್ಚಳ ಮಾಡಿದೆ. ಸೀಳಿದ ಗಾಜಿನ ಜಾಗಕ್ಕೆ ಮೊದಲು ದೇವರ ಫೋಟೋದ ಗಾಜು ಹಾಕಿದೆ, ಮೊದಲ ಸಲವೇ ಒಡೆಯಿತು. ಆಮೇಲೆ ಹೋಟೆಲ್ಲಿನ ಮಿಠಾಯಿ ಕಪಾಟಿನ ದಪ್ಪ ಗಾಜು ಕೂರಿಸಿ ಸುತ್ತ ಪಂಕ್ಚರ್ ಸೊಲ್ಯೂಷನ್ ಬಳಿದೆ, ಅದು ನಿಂತಿತು. ಮೈ ಮೇಲಕ್ಕೆ ತೇಲದಂತೆ ಸೊಂಟಕ್ಕೆ ತೂಕ ಬೇಕಿತ್ತು. ಕಿಲೋ ಬಂದ ಮೇಲೆ ಕಿರಾಣಿ ಅಂಗಡಿಗಳ ಮೂಲೆಯಲ್ಲಿ ಹಳೇ ಸೇರಿನ ತೂಕದ ಕಲ್ಲುಗಳು ಕೆಲಸವಿಲ್ಲದೆ ಬಿದ್ದಿದ್ದವಲ್ಲ, ಅವನ್ನು ತಂದು ಪಟ್ಟಿಗೆ ಹೊಲಿದೆ.

ಮೊದಲ ಸಲ ಬಾವಿಗಿಳಿದಾಗ ನಮ್ಮ ಮಸ್ಕಿಯ ಮಂದಿ ಸುತ್ತ ನಿಂತು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಪಂಪು ತುಳಿಯುವವರು ಹುರುಪಿನಲ್ಲಿ ತುಳಿದರು, ನನ್ನ ಗಲ್ಲ ಎರಡೂ ಉಬ್ಬಿ ಕಿವಿ ಗುಯ್‌ಗುಟ್ಟಿತು. ಪಂಪಿನ ಚರ್ಮದ ವಾಷರಿಗೆ ಔಡಲೆಣ್ಣೆ ಹಚ್ಚಿದ್ದೆ. ಚಿಕ್ಕವರಿದ್ದಾಗ ಹೊಟ್ಟೆ ಸ್ವಚ್ಛವಾಗಲೆಂದು ಕುಡಿಸುತ್ತಿದ್ದರಲ್ಲ, ಅದೇ ರುಚಿ ಉಸಿರು ಉಸಿರಿಗೂ ಬಂದು ಬಾವಿಯ ತಳದಲ್ಲೇ ಹೊಟ್ಟೆ ಗುಡುಗಿತು. ಶೇಂಗಾ ಎಣ್ಣೆಗೆ ಬದಲಾಯಿಸಿದೆ, ಆಗ ಮಿರ್ಚಿ ಭಜಿಯ ವಾಸನೆ. ಅದು ಪರವಾಗಿಲ್ಲ. ಇದರಿಂದ ನಾನು ಕಲಿತದ್ದು ಒಂದೇ: ಪಂಪಿನ ಸುತ್ತ ಏನಿರುತ್ತದೋ ಅದೇ ನನ್ನ ಎದೆಗಿಳಿಯುತ್ತದೆ. ಪಂಪಿನವರಿಗೆ ಬೀಡಿ ಸೇದಬೇಡಿ ಎಂದು ಬೈದು ಬೈದು ಹೇಳುತ್ತಿದ್ದೆ.

ಹೀಗೆ ಫುಟ್‌ವಾಲ್ ಕೆಲಸದಲ್ಲಿ ಹೆಸರು ಮಾಡುತ್ತಿದ್ದಾಗಲೇ ಮಾವ ಕಾಣೆಯಾದ.

ಮಾವ ಎಂದರೆ ನನ್ನ ಅಕ್ಕನ ಗಂಡ. ಮಸ್ಕಿಗೂ ಸಿಂಧನೂರಿಗೂ ನಡುವೆ ಒಂದು ಕಡೆ ಕಾಲುವೆಯ ಲಸ್ಕರನಾಗಿದ್ದ. ಗೇಟು ಏರಿಸುವುದು, ಇಳಿಸುವುದು, ದಂಡೆ ನೋಡಿಕೊಳ್ಳುವುದು. ಖಾಕಿ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಅಲ್ಲಿಯೇ ಕ್ವಾರ್ಟರ್ಸು, ಮಾವ, ಅಕ್ಕ, ಅಕ್ಕನ ಅತ್ತೆ, ಮೂವರೇ. ಒಂದು ಮುಂಜಾನೆ ಅವನ ಸೈಕಲ್ಲು ಸೈಫನ್ನಿನ ಕಟ್ಟೆಗೆ ಒರಗಿ ನಿಂತಿತ್ತು, ಕೆಳಗೆ ಚಪ್ಪಲಿ ಬಿಟ್ಟಿದ್ದವು, ಗೇಟಿನ ಚಾವಿ ಸೈಕಲ್ಲಿಗೆ ತೂಗುತ್ತಿತ್ತು. ಮಾವ ಇರಲಿಲ್ಲ. ಸೈಫನ್ನೆಂದರೆ ಕಾಲುವೆ ಹಳ್ಳವನ್ನು ದಾಟುವ ಜಾಗ. ನೀರು ಈ ಕಡೆ ಸುರಂಗದಂಥ ಕಟ್ಟಡದಲ್ಲಿ ಇಳಿದು, ಹಳ್ಳದ ಅಡಿಯಲ್ಲೇ ಹಾದು, ಆ ಕಡೆ ಮೇಲೇಳುತ್ತದೆ. ಮಾವನಿಗೆ ಈಜು ಬರುತ್ತಿರಲಿಲ್ಲ. ನೀರಿನ ಕೆಲಸದವನಿಗೆ ಈಜು ಬಾರದಿರುವುದು ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಮುಳುಗಿದವನು ಎರಡು ಮೂರು ದಿನಕ್ಕೆ ತೇಲಬೇಕು. ಕೆಳಗಿನ ಗೇಟುಗಳವರೆಗೂ ಹುಡುಕಿದರು, ಎಲ್ಲೂ ತೇಲಲಿಲ್ಲ. ಹಾಗಾದರೆ ಸೈಫನ್ನಿನೊಳಗೇ ಸಿಕ್ಕಿಕೊಂಡಿದ್ದಾನೆ ಎಂದು ಕೆಲವರು. ಅಲ್ಲ, ಎಲ್ಲೋ ಹೋಗಿದ್ದಾನೆ ಎಂದು ಕೆಲವರು. ಈ ಮಾತಿಗೂ ಆಧಾರವಿತ್ತು. ಹಿಂದೊಮ್ಮೆ ಅಕ್ಕನ ಜೊತೆ ಒಂದು ಮಾತು ಬೆಳೆದು, ಹೇಳದೆ ಕೇಳದೆ ಎದ್ದು ಹೋಗಿ, ಕೆಲವು ವಾರಗಳ ಮೇಲೆ ರಾಯಚೂರಿನಿಂದ ಪೇಡೆಯ ಪೊಟ್ಟಣ ಹಿಡಿದು ಏನೂ ಆಗಿಲ್ಲವೆಂಬಂತೆ ಬಂದಿದ್ದ. ಆದರೆ ಆಗ ಸೈಕಲ್ಲನ್ನೂ ತೆಗೆದುಕೊಂಡೇ ಹೋಗಿದ್ದ. ಅಕ್ಕನ ಅತ್ತೆ ಮುಂಜಾನೆ ಮಗ ಸತ್ತನೆಂದು ಹಾಡಿ ಅಳುತ್ತಿದ್ದರು, ಸಂಜೆ ಅವನ ಪಾಲಿನ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಯಾವುದನ್ನು ನಂಬಬೇಕೆಂದು ನನಗೂ ತಿಳಿಯದೆ, ಅವರು ಅತ್ತಾಗ ಅಳುತ್ತ, ರೊಟ್ಟಿ ಕೊಟ್ಟಾಗ ತಿನ್ನುತ್ತ ಇದ್ದೆ.

ಮಾವನ ಊರ ಹಿರಿಯರು ಬಂದು ಕೂತರು. ಅಮಾವಾಸ್ಯೆಯೊಳಗೆ ದಿನದ ಕಾರ್ಯ ಮಾಡಿ ಮುಗಿಸಬೇಕು, ಇವಳ ಬಳೆ ತೆಗೆಯಬೇಕು, ಸತ್ತವನು ಎಳ್ಳುನೀರು ಕಾಣದೆ ಅಲೆಯಬಾರದು ಎಂದರು. ಅಕ್ಕ ಒಪ್ಪಲಿಲ್ಲ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ನಾನು ಹೋದ ದಿನ ನನ್ನನ್ನು ಹಿತ್ತಲಿಗೆ ಕರೆದಳು.

"ಎಲ್ಲಾರೂ ಒಂದೊಂದು ಹೇಳಾಕತ್ತಾರ ತಮ್ಮಾ. ನೀರಾಗ ಅದಾನೋ ಇಲ್ಲೋ, ಅಷ್ಟ ನೋಡಿ ಹೇಳು. ನಾ ಬಳಿ ಒಡಕೊಳ್ಳಾಕೂ ತಯಾರದೀನಿ, ಕಾಯಾಕೂ ತಯಾರದೀನಿ. ಯಾವುದಂತ ತಿಳೀಲಾರದ ಕುಂದ್ರಾಕ ಮಾತ್ರ ಆಗವಲ್ದು."

ನನ್ನ ಸಾಮಾನು ಬಾವಿಗೆ ಮಾಡಿದ್ದು. ಬಾವಿಯಲ್ಲಿ ತಲೆ ಎತ್ತಿದರೆ ಆಕಾಶ ಕಾಣುತ್ತದೆ, ಸೈಫನ್ನಿನಲ್ಲಿ ತಲೆಯ ಮೇಲೆ ಕಲ್ಲಿನ ಮಾಳಿಗೆ. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದೇನಿದೆ. ಆದರೆ ಅಕ್ಕನ ಮುಖ ನೋಡಿ ಇಳಿಯುತ್ತೇನೆ ಎಂದೆ.

ಕಾಲುವೆಯ ಸಾಹೇಬರನ್ನು ಕೇಳಿದೆವು. ಭತ್ತ ತೆನೆ ಕಟ್ಟುವ ಕಾಲ, ನೀರು ಪೂರಾ ನಿಲ್ಲಿಸಲು ಬರುವುದಿಲ್ಲ, ಒಂದು ದಿನ ಮಧ್ಯಾಹ್ನದವರೆಗೆ ಮೇಲಿನ ಗೇಟು ಇಳಿಸಿಕೊಡುತ್ತೇನೆ ಎಂದರು. ಹರಿವು ನಿಂತರೂ ಸೈಫನ್ನು ಬರಿದಾಗುವುದಿಲ್ಲ, ತಗ್ಗಿನ ನೀರು ತಗ್ಗಿನಲ್ಲೇ ನಿಲ್ಲುತ್ತದೆ. ಅದನ್ನು ಪಂಪು ಹಚ್ಚಿ ತೆಗೆಯುವುದು ಬೇಸಿಗೆಯ ಕೆಲಸ. ಅಲ್ಲಿಯವರೆಗೆ ಅಕ್ಕ ಹೇಗೆ ಕೂರಬೇಕು?

ಹಗ್ಗ ಹಿಡಿಯಲು ಆರ್.ಎಚ್. ಕ್ಯಾಂಪಿನ ಬಂಗಾಲಿಯೊಬ್ಬ ತಾನಾಗಿ ಬಂದ. ಕ್ಯಾಂಪು ಆಗ ಹೊಸದು, ಗಡಿಯಾಚೆಯಿಂದ ಬಂದ ನಿರಾಶ್ರಿತರಿಗೆ ಸರಕಾರ ಹಾಕಿಕೊಟ್ಟದ್ದು. ನಮ್ಮ ಮಂದಿ ನೀರು ಕಂಡರೆ ಹಿಂದೆ ಸರಿದರೆ ಅವನು ನೀರಿಗೆ ಮನೆಗೆ ಹೋದಂತೆ ಹೋಗುತ್ತಿದ್ದ. ಮಾವ ಕಾಣೆಯಾದ ಮೊದಲ ದಿನವೇ ಉಸಿರು ಹಿಡಿದು ಮುಳುಗಿ ಸೈಫನ್ನಿನ ಬಾಯಿಯವರೆಗೆ ಹೋಗಿ ಬಂದವನು ಅವನೇ. ಒಳಗೆ ಹೋದರೆ ತಿರುಗಿ ಬರುವಷ್ಟು ಉಸಿರು ಉಳಿಯುವುದಿಲ್ಲ ಎಂದು ಹರಕು ಹಿಂದಿಯಲ್ಲಿ ತಿಳಿಸಿದ್ದ. ನನ್ನ ಸಾಮಾನನ್ನು ತಿರುವಿ ಮುರುವಿ ನೋಡಿ, ಸೊಂಟದ ಸೇರಿನ ಕಲ್ಲುಗಳನ್ನು ಅರ್ಧಕ್ಕರ್ಧ ಬಿಚ್ಚಿಸಿದ. ನಾನು ರೇಗಿದೆ. ಅವನು ನಕ್ಕ, ಕಲ್ಲು ಮಾತ್ರ ವಾಪಸ್ಸು ಕೊಡಲಿಲ್ಲ.

ಇಳಿಯುವ ಮುಂಚೆ ಗಂಗವ್ವನ ಪೂಜೆ ಆಗಬೇಕು ಎಂದರು ಅಕ್ಕನ ಅತ್ತೆ. ಆಗಲಿ ಎಂದೆ. ಅರಿಷಿಣ, ಕುಂಕುಮ, ಒಂದು ಕಾಯಿ. ಕಾಯಿ ಒಡೆದದ್ದಾಯಿತು, ನಾನು ಮುಖವಾಡ ಬಿಗಿದುಕೊಂಡು ಬಾಯಲ್ಲಿ ರಬ್ಬರು ಕಚ್ಚಿದೆ. ಹಿಂದೆ ಇನ್ನೇನು ನಡೆಯುತ್ತಿದೆ ಎಂದು ನೋಡಲಿಲ್ಲ. ಗಾಜಿಗೆ ಆಗಲೇ ಉಸಿರಿನ ಮಂಜು ಕಟ್ಟಿತ್ತು.

ಕೆಳಗೆ ಕಾವಿ ಬಣ್ಣದ ಕತ್ತಲೆ. ಕೈಯನ್ನು ಗಾಜಿಗೆ ಹಚ್ಚಿದರೂ ಕಾಣದು. ಸೈಫನ್ನಿನ ಇಳಿಜಾರಿನಲ್ಲಿ ಬೋರಲಾಗಿ ಕಾಲು ಚಾಚಿ, ಒಂದು ಕೈ ಗೋಡೆಗೆ ಹಚ್ಚಿ, ಇನ್ನೊಂದರಿಂದ ಹೂಳು ತಡವುತ್ತ ಹೋದೆ. ಸಿಕ್ಕಿದರೆ ಕೈಗೆ ಏನು ಮೊದಲು ಸಿಗುತ್ತದೆ, ತಲೆಯೋ ಕಾಲೋ, ಸಿಕ್ಕರೆ ಹೇಗೆ ಹಿಡಿಯಬೇಕು, ಏನೂ ಯೋಚಿಸಿರಲಿಲ್ಲ. ಸಿಗಲಿ ಎಂದು ಬೇಡಬೇಕೋ ಸಿಗದಿರಲಿ ಎಂದು ಬೇಡಬೇಕೋ ಅದೂ ತಿಳಿಯದು. ಬಾಯಲ್ಲಿ ಶೇಂಗಾ ಎಣ್ಣೆಯ ರುಚಿ ಮಾತ್ರ ಗುರುತಿನದಾಗಿತ್ತು.

ಆಗ ಲೋಬಾನದ ವಾಸನೆ ಬಂತು.

ಮೊದಲು ಭ್ರಮೆ ಎಂದುಕೊಂಡೆ. ಇನ್ನೊಂದು ಉಸಿರು ಎಳೆದರೆ ಇನ್ನೂ ಗಟ್ಟಿಯಾಗಿ ಬಂತು. ನಮ್ಮ ಮನೆಗಳಲ್ಲಿ ಹಿರಿಯರ ಹೆಸರಿನಲ್ಲಿ ಎಡೆ ಇಟ್ಟಾಗ ಕೆಂಡದ ಮೇಲೆ ಲೋಬಾನ ಹಾಕುತ್ತಾರೆ. ಸತ್ತವರು ಆ ಹೊಗೆಗೆ ಬರುತ್ತಾರೆ ಎನ್ನುತ್ತಾರೆ. ನೀರಿನ ತಳದಲ್ಲಿ, ಕತ್ತಲೆಯಲ್ಲಿ, ಕಲ್ಲಿನ ಮಾಳಿಗೆಯ ಕೆಳಗೆ ನನಗೆ ಅದೇ ವಾಸನೆ. ಮಾವ ಇಲ್ಲೇ ಇದ್ದಾನೆ, ನನ್ನ ಮಗ್ಗುಲಲ್ಲೇ ಇದ್ದಾನೆ ಎಂದು ಖಾತ್ರಿಯಾಯಿತು. ಬಾಯಲ್ಲಿ ರಬ್ಬರಿದ್ದರೂ ಅವನನ್ನು ಮಾತಾಡಿಸಿದೆ, ಏನೆಂದು ಮಾತಾಡಿಸಿದೆನೋ ನೆನಪಿಲ್ಲ. ಆಮೇಲೆ ಕೆಮ್ಮು ಹತ್ತಿತು. ಕೆಮ್ಮಿದರೆ ಹೊಗೆಯೇ ಒಳಗೆ, ತಡೆದರೆ ಎದೆ ಬಿರಿಯುತ್ತದೆ. ಕಣ್ಣು ಉರಿದು ನೀರಿಳಿಯಿತು, ಮುಖವಾಡದ ಒಳಗೂ ನೀರು, ಹೊರಗೂ ನೀರು. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದೆ ಕೈಕಾಲು ಬಡಿದೆ. ಹಾಗೆ ಬಡಿದ ಕೈಗೆ ಬಟ್ಟೆ ಸಿಕ್ಕಿತು, ತೋಳು. ಅಂಗಿಯ ತೋಳು ಎಂಬುದು ಬೆರಳಿಗೆ ತಿಳಿಯಿತು. ಹಿಡಿದೆಳೆದೆ, ಭಾರವಿತ್ತು. ಬಿಡಲಿಲ್ಲ. ಇನ್ನೊಂದು ಕೈಯಿಂದ ಹಗ್ಗ ಜಗ್ಗಿದೆ. ಬಂಗಾಲಿ ನನ್ನನ್ನು ಹೂಳಿನಿಂದ ಬದನೆ ಗಿಡ ಕಿತ್ತಂತೆ ಕಿತ್ತು ಮೇಲೆಳೆದ.

ದಂಡೆಯ ಮೇಲೆ ಬಿದ್ದು, ಮುಖವಾಡ ಕಿತ್ತೊಗೆದು ಕೆಮ್ಮಿದೆ. ಕಣ್ಣು ತೆರೆದಾಗ ಮೊದಲು ಕಂಡದ್ದು ಪಂಪಿನ ಬುಡದಲ್ಲಿ ಮಣ್ಣಿನ ಧೂಪದ ಬಟ್ಟಲು, ಅದರಿಂದ ಏಳುತ್ತಿದ್ದ ದಟ್ಟ ಬಿಳಿ ಹೊಗೆ. ಪಂಪು ತುಳಿಯುವವರು ಕಣ್ಣೊರೆಸಿಕೊಳ್ಳುತ್ತ, ದೇವರ ಕೆಲಸವೆಂದು ಸಹಿಸಿಕೊಂಡು ತುಳಿಯುತ್ತಿದ್ದರು. ಒಂದೊಂದು ತುಳಿತಕ್ಕೂ ಹೊಗೆ ಪಂಪಿನೊಳಗೆ ಹೋಗುತ್ತಿತ್ತು. ಅಕ್ಕನ ಅತ್ತೆ ಪಕ್ಕದಲ್ಲಿ ಕೂತು ಇನ್ನೊಂದು ಚಿಟಿಕೆ ಹಾಕಲು ಕೈ ಎತ್ತಿದ್ದರು.

ಹಿರಿಯರೆಂದೂ ನೋಡದೆ ಬೈದೆ. ನನ್ನನ್ನು ಕೊಲ್ಲಲು ನಿಂತಿದ್ದೀರೇನು ಎಂದೆ. ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ನಿನ್ನ ಸಲುವಾಗೇ ಹಾಕೀನೋ ಯಪ್ಪಾ. ಬಯಲಾಗಿಟ್ರ ಗಾಳಿಗೆ ಕೆಂಡ ಆರತಾವಂತ ಪಂಪಿನ ಮರೆಯಾಗ ಇಟ್ಟೆ."

ಬೀಡಿ ಸೇದಬೇಡಿ ಎಂದು ಕಟ್ಟಪ್ಪಣೆ ಮಾಡಿದವನು ನಾನು. ಲೋಬಾನ ಹಾಕಬೇಡಿ ಎಂದು ಯಾರಿಗೆ ಹೊಳೆಯಬೇಕು? ಅವರು ಸೈಫನ್ನಿನ ನೀರು ನೋಡುತ್ತ, ನನ್ನ ಹೊಗೆ ಗಂಗವ್ವನಿಗೆ ಮುಟ್ಟಿತೇನು ಎಂದು ಕೇಳಿದರು. ಮುಟ್ಟಿತು ಎಂದೆ.

ನಾನು ತಂದದ್ದು ಹೂಳು ಮೆತ್ತಿದ ಒಂದು ಗಂಟು. ಮನುಷ್ಯನಲ್ಲ. ಅದನ್ನು ಯಾರೂ ಮುಟ್ಟಲಿಲ್ಲ, ಅಕ್ಕ ಮಾತ್ರ ಅದರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಅಂಗಿ ಇದ್ದಮೇಲೆ ಅವನೂ ಒಳಗೆ ಇರಬೇಕು ಎಂದು ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಗೇಟು ಮತ್ತೆ ಏರಿಸುವ ಹೊತ್ತು ಹತ್ತಿರ ಬರುತ್ತಿತ್ತು. ಧೂಪದ ಬಟ್ಟಲನ್ನು ದೂರ ಒಯ್ಯಿಸಿ, ಬಂಗಾಲಿ ತಲೆಯಾಡಿಸಿ ಬೇಡವೆಂದರೂ ಕೇಳದೆ, ಮತ್ತೆ ಇಳಿದೆ. ಈ ಸಲ ಗಾಳಿ ಸ್ವಚ್ಛವಾಗಿತ್ತು. ಪೈಪು ಸಾಗುವಷ್ಟು ದೂರ ಗೋಡೆಯಿಂದ ಗೋಡೆಗೆ ತಡವಿ ಬಂದೆ. ಆಮೇಲೆ ಪಂಪನ್ನು ಹಳ್ಳದ ಆ ಕಡೆಗೆ ಹೊರಿಸಿಕೊಂಡು ಹೋಗಿ, ಆ ಬಾಯಿಯಿಂದಲೂ ಇಳಿದೆ. ಹೂಳು, ಒಂದು ಬಂಡಿಯ ಗಾಲಿಯ ಪಟ್ಟಿ, ಎಮ್ಮೆಯ ಕೋಡು. ಮನುಷ್ಯನೆಂಬುದು ಇರಲಿಲ್ಲ. ಎರಡು ಕಡೆಯ ತಡವು ನಡುವೆ ಕೂಡಿತ್ತು, ಬಿಟ್ಟ ಜಾಗವಿಲ್ಲ. ನಾನು ಮೇಲೆ ಬಂದಾಗ ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಾವ ನೀರಿನಲ್ಲಿಲ್ಲ, ಅಕ್ಕನ ಬಳೆ ಉಳಿದವು. ಹಳ್ಳ ದಾಟಿ ಓಡುತ್ತ ಬಂದು, ಇಲ್ಲ ಅಕ್ಕಾ, ಅವನಿಲ್ಲ ಎಂದು ಕೂಗಿದೆ.

ಅಷ್ಟರಲ್ಲಿ ಅಕ್ಕ ಗಂಟು ಬಿಚ್ಚಿದ್ದಳು.

ಮಾವನ ಖಾಕಿ ಅಂಗಿ. ಎದೆಯ ಮೇಲೆ ಬಿಲ್ಲೆ ಇತ್ತು. ಗುಂಡಿಗಳೆಲ್ಲ ಬಿಚ್ಚಿದ್ದವು, ಒಂದೂ ಹರಿದಿರಲಿಲ್ಲ. ಅಂಗಿಯ ನಡುವೆ ದಂಡೆಗೆ ಹಾಸುವಂಥ ಒಂದು ಕಲ್ಲು. ಅದರ ಸುತ್ತ ಅಂಗಿಯನ್ನು ಮಡಿಸಿ, ಎರಡೂ ತೋಳುಗಳನ್ನು ಎಳೆದು ಗಂಟು, ಅದರ ಮೇಲೆ ಇನ್ನೊಂದು ಗಂಟು. ಮುಳುಗುವವನು ಅಂಗಿ ಬಿಚ್ಚಿ ಕಲ್ಲು ಸುತ್ತಿ ಗಂಟು ಹಾಕುವುದಿಲ್ಲ. ಕಾಣಲಿ ಎಂದು ಸೈಕಲ್ಲು, ಚಪ್ಪಲಿ, ಚಾವಿ ಬಿಟ್ಟಿದ್ದ. ಬಿಲ್ಲೆಯ ಖಾಕಿ ತೊಟ್ಟು ಹೋದರೆ ಗುರುತು ಹಿಡಿಯುತ್ತಾರೆ, ದಂಡೆಯ ಮೇಲೆ ಬಿಟ್ಟರೆ ನೀರಿಗೆ ಬಿದ್ದವನ ಮೈಮೇಲೆ ಅಂಗಿ ಇರಲೇಬೇಕಲ್ಲ, ಅದಕ್ಕೇ ಅದು ಯಾರಿಗೂ ಕಾಣಬಾರದೆಂದು ಮುಳುಗಿಸಿದ್ದ. ನನಗೆ ಇದೆಲ್ಲ ಒಮ್ಮೆಲೇ ತಿಳಿಯಲಿಲ್ಲ. ಅಕ್ಕನ ಮುಖ ನೋಡುತ್ತ ನೋಡುತ್ತ, ಒಂದೊಂದಾಗಿ ತಿಳಿಯಿತು.

ದಂಡೆಯ ಮೇಲೆ ಮಾತ್ರ ಹಬ್ಬವೆದ್ದಿತ್ತು. ಅಕ್ಕನ ಅತ್ತೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗಂಗವ್ವ ನನ್ನ ಹೊಗೆ ಒಪ್ಪಿಕೊಂಡಳು, ನನ್ನ ಮಗನನ್ನು ಉಳಿಸಿ ಕೊಟ್ಟಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಳೆ ತೆಗೆಯಬೇಕೆಂದ ಹಿರಿಯರೇ ಈಗ ಅಕ್ಕನಿಗೆ, ನಿನ್ನ ಕುಂಕುಮ ಗಟ್ಟಿ ಐತವ್ವಾ ಎಂದರು. ಯಾರೋ ಸಕ್ಕರೆ ತರಲು ಓಡಿದರು. ಪಂಪು ತುಳಿದವರು ನನ್ನ ಬೆನ್ನು ತಟ್ಟಿದರು. ನನ್ನ ತಲೆ ಗಿರ್ರೆನ್ನುತ್ತಿತ್ತು. ಮಾವ ಬದುಕಿದ್ದಾನೆ, ಸಂತೋಷಪಡಬೇಕು. ಅವನು ಸಿಕ್ಕರೆ ಕಾಲು ಮುರಿಯಬೇಕು ಎಂದೂ ಅನಿಸುತ್ತಿತ್ತು. ಎರಡೂ ಒಟ್ಟಿಗೆ ಬಂದು ಎದೆಯಲ್ಲಿ ನಿಂತಿದ್ದವು, ಯಾವುದೂ ಮುಂದೆ ಹೋಗುತ್ತಿರಲಿಲ್ಲ. ಬಂಗಾಲಿಯೊಬ್ಬನೇ ನಗಲಿಲ್ಲ. ಅಂಗಿಯನ್ನು ಒಮ್ಮೆ ನೋಡಿ, ಅಕ್ಕನನ್ನು ಒಮ್ಮೆ ನೋಡಿ, ಹಗ್ಗ ಸುತ್ತಿಟ್ಟು ಕ್ಯಾಂಪಿನ ಹಾದಿ ಹಿಡಿದ.

ಎಲ್ಲಿಗೆ ಹೋದ, ಯಾಕೆ ಹೋದ, ಯಾರ ಜೊತೆ ಹೋದ, ಇವತ್ತಿಗೂ ನಮಗೆ ಗೊತ್ತಿಲ್ಲ. ಅವತ್ತು ಅಕ್ಕ ಅದನ್ನು ಯಾವುದನ್ನೂ ಕೇಳಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತೆ, ಮೈಯಿಂದ ಇನ್ನೂ ನೀರು ಸೋರುತ್ತಿತ್ತು. ಅವಳು ಒದ್ದೆ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಗಂಟಿದ್ದ ಜಾಗದ ಸುಕ್ಕನ್ನು ಅಂಗೈಯಿಂದ ಸರಿಮಾಡುತ್ತಿದ್ದಳು. ನನ್ನ ಕಡೆ ತಿರುಗದೆ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಹೆಣಾ ತಂದಿದ್ರ ಅತ್ತು ಮುಗಸ್ತಿದ್ನೋ ತಮ್ಮಾ. ಇದನ್ನ ತಗೊಂಡು ನಾ ಏನ್ ಮಾಡ್ಲಿ?"

ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು ಅವಳ ಗದ್ದ ಎತ್ತಿ ಹಣೆಗೆ ದೊಡ್ಡದಾಗಿ ಹಚ್ಚಿದರು. ಹಚ್ಚಿ ಮುಗಿಯುವವರೆಗೂ ಅಕ್ಕ ಮುಖ ಒಡ್ಡಿಕೊಂಡೇ ಕೂತಿದ್ದಳು.